ಒಂಬತ್ತು ಸಾಲಿನ ಪ್ರೋಗ್ರಾಂ

ಭಾನುಪ್ರಕಾಶ್ ಬರೆದ ಪ್ರೋಗ್ರಾಂ ನಾಲ್ಕು ಪುಟ. ಪೀಣ್ಯದ ನಮ್ಮ ಶೆಡ್ಡಿನಲ್ಲಿ ಅದಕ್ಕೊಂದು ಪ್ಲಾಸ್ಟಿಕ್ ಕವರು, ಅದರ ಮೇಲೆ ಆಯುಧಪೂಜೆಯ ಕುಂಕುಮ. ಕಂಪ್ಯೂಟರ್ ಯಂತ್ರ ದುಂಡನೆಯ ಉಕ್ಕಿನ ಪ್ಲೇಟಿನ ಅಂಚಿಗೆ ಮೂವತ್ತಾರು ತೂತು ಕೊರೆಯಬೇಕು, ಅಷ್ಟೇ. ಈ ಮಹಾಶಯರು ‘ಇಲ್ಲಿಗೆ ಹೋಗು, ಕೊರೆ, ಮೇಲೆ ಬಾ’ ಎಂದು ಅದಕ್ಕೆ ಮೂವತ್ತಾರು ಸಲ ಹೇಳಿದ್ದರು. ಹೇಳಿದ್ದನ್ನೇ ಮೂವತ್ತಾರು ಸಲ ಹೇಳುವವರಿಗೆ ನಮ್ಮ ಮನೆಯಲ್ಲಿ ಅರಳುಮರಳು ಎನ್ನುತ್ತಾರೆ. ಇಲ್ಲಿ ಪ್ರೋಗ್ರಾಮರ್ ಎನ್ನುತ್ತಿದ್ದರು.

ನಾನು ಟ್ರೈನಿ. ವರ್ಷ ಮುಗಿಯುತ್ತಾ ಬಂದಿತ್ತು. ಕೆಲಸ ಖಾಯಂ ಆಗದಿದ್ದರೆ ಯುಗಾದಿಯೊಳಗೆ ಗಂಡು ನೋಡುವುದೇ ಎಂದು ಅಪ್ಪ ಹೇಳಿಬಿಟ್ಟಿದ್ದರು.

“ನೀನೂ ಒಂದು ಪ್ರೋಗ್ರಾಂ ಬರೆದು ತೋರ್ಸಮ್ಮ ವನಜಾ. ಸರಿ ಇದ್ರೆ ಪರ್ಮನೆಂಟ್ ಮಾಡ್ತೀನಿ,” ಎಂದರು ಮಾಲೀಕರು ಶಿವಶಂಕರ್.

ನಾನು ಲೂಪ್ ಬರೆದೆ. ಸುತ್ತನ್ನು ಮೂವತ್ತಾರು ಭಾಗ ಮಾಡು. ಒಂದು ತೂತು ಕೊರೆ, ಒಂದು ಭಾಗ ಮುಂದೆ ಸರಿ, ಎಣಿಕೆಗೆ ಒಂದು ಸೇರಿಸು, ಮೂವತ್ತಾರು ಮುಗಿಯುವ ತನಕ ಮತ್ತೆ ಅದನ್ನೇ ಮಾಡು. ಒಟ್ಟು ಒಂಬತ್ತು ಸಾಲು.

“ಅರ್ಧಕ್ಕೇ ಬಿಟ್ಟಿದ್ದಾಳೆ ಸಾರ್. ಮೈಗಳ್ಳತನ,” ಎಂದರು ಭಾನುಪ್ರಕಾಶ್.

ಕೋಣನ ಮುಂದೆ ಕಿನ್ನರಿ ಬಾರಿಸುವುದು ಬೇಡವೆಂದು ಸುಮ್ಮನೆ ಯಂತ್ರದ ಗುಂಡಿ ಒತ್ತಿದೆ. ಮೂವತ್ತಾರೂ ತೂತು ಬಿದ್ದವು.

“ನಾಳೆ ನಲವತ್ತು ತೂತಿನ ಪ್ಲೇಟ್ ಬಂದ್ರೆ?” ಎಂದು ಮಾಲೀಕರು ಕೇಳಿದರು.

“ಎರಡು ದಿನ ಬೇಕು ಸಾರ್. ಎಲ್ಲಾ ಮೊದ್ಲಿಂದ ಬರೀಬೇಕು,” ಎಂದರು ಭಾನುಪ್ರಕಾಶ್.

ನಾನು ಮೂವತ್ತಾರನ್ನು ಅಳಿಸಿ ನಲವತ್ತು ಎಂದು ಒತ್ತಿದೆ. ಗೆದ್ದೆನೆಂದು ನಕ್ಕೂಬಿಟ್ಟೆ.

ಶಿವಶಂಕರ್ ಯಂತ್ರ ನಡೆಸುವ ಲಕ್ಷ್ಮಣಪ್ಪನನ್ನು ಕರೆದು, ಅದೇ ಸಂಖ್ಯೆಯನ್ನು ಐವತ್ತು ಮಾಡಲು ಹೇಳಿದರು. ಅವನು ಮಾಡಿದ.

“ಇಷ್ಟೇಯಾ? ಇಂಗಾದ್ರೆ ನಾನೇ ಮಾಡ್ಕೊತೀನಿ ಬುಡಿ ಸಾರ್.”

“ಬಹಳ ಚೆನ್ನಾಗಿ ಬರ್ದಿದ್ದೀಯಮ್ಮ,” ಎಂದರು ಮಾಲೀಕರು ನನ್ನ ಕಡೆ ತಿರುಗಿ. “ಇನ್ಮೇಲೆ ಇದನ್ನ ಲಕ್ಷ್ಮಣಪ್ಪನೇ ನೋಡ್ಕೊತಾನೆ. ನಿಂಗೆ ಕೊಡೋಕೆ ಕೆಲ್ಸ ಎಲ್ಲಿದೆ ಹೇಳು? ಉಳಿದ ಪ್ಲೇಟುಗಳಿಗೆ ಭಾನು ಬರ್ದಿರೋದು ಭಾನು ಬಿಟ್ರೆ ಯಾರಿಗೂ ಅರ್ಥ ಆಗಲ್ಲ. ಅವ್ರನ್ನ ಬಿಡೋಕಾಗಲ್ಲ.”

ಅಳು ಬಂತು, ಆದರೆ ಆ ನಾಲ್ಕು ಪುಟದ ಪಂಡಿತರ ಎದುರು ಅಳಬಾರದೆಂದು ನುಂಗಿಕೊಂಡೆ.

ಮುಂದಿನ ವಾರ ಎರಡು ಬೀದಿ ಆಚೆಯ ಶೆಡ್ಡಿನಲ್ಲಿ ಇಂಟರ್‌ವ್ಯೂ. ಇಪ್ಪತ್ನಾಲ್ಕು ತೂತಿಗೆ ಪ್ರೋಗ್ರಾಂ ಬರೆಯಲು ಹೇಳಿದರು. ಒಂದೊಂದು ತೂತಿಗೂ ಬೇರೆ ಬೇರೆ ಸಾಲು ಬರೆದು ಎರಡೂವರೆ ಪುಟ ತುಂಬಿಸಿದೆ. ಅಲ್ಲಿನ ಮಾಲೀಕರು ಹಾಳೆ ತಿರುವಿ ತಿರುವಿ ನೋಡಿ, “ಕಷ್ಟಪಟ್ಟು ಕೆಲ್ಸ ಮಾಡೋ ಹುಡುಗಿ,” ಎಂದು ಅಲ್ಲೇ ಖಾಯಂ ಮಾಡಿಕೊಂಡರು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕೆಲಸ ಮಾತ್ರ ಬಿಡಲಿಲ್ಲ.