ಐದು ಸಾವಿರದ ನಲವತ್ತು ಎಳೆ

ಅಪ್ಪನ ಕಾಲಿನ ಎರಡೂ ಹೆಬ್ಬೆರಳುಗಳನ್ನು ಜೋಡಿಸಿ ಹಿಡಿದಿದ್ದ ಈಶ್ವರನ್ ಚಿಕ್ಕಪ್ಪ ತಲೆಯೆತ್ತದೆ ಕತ್ತರಿ ಕೇಳಿದ. ಸತ್ಯಾ ತಂದುಕೊಟ್ಟಳು. ಬೆಳಗಿನಿಂದ ಯಾರು ಏನು ಕೇಳಿದರೂ ತಂದುಕೊಡುತ್ತಿದ್ದಳು: ನೀರು, ಅಕ್ಕಿ, ಪ್ಲಾಸ್ಟಿಕ್ ಕುರ್ಚಿ. ಅಳು ಬಂದಿರಲಿಲ್ಲ. ಬಂದವರು ಅವಳನ್ನು ತಬ್ಬಿ ಅತ್ತು, ಮುಖ ನೋಡಿ ಕಣ್ಣೊರೆಸಿಕೊಂಡು, ಕಾಫಿಗೆ ಹೋಗುತ್ತಿದ್ದರು.

ಅವರ ಮನೆತನದಲ್ಲಿ ಸತ್ತವರ ಹೆಬ್ಬೆರಳು ಕಟ್ಟುವುದು ಅವರೇ ಕೊನೆಗೆ ಮುಟ್ಟಿದ ನೂಲಿನಿಂದ. ಅಪ್ಪ ತಿರುಮೂರ್ತಿ ಸೂಲೂರಿನ ಮಗ್ಗಗಳಿಗೆ ಪಾವು, ಅಂದರೆ ಹಾಸುನೂಲು, ಸುತ್ತಿಕೊಡುತ್ತಿದ್ದವನು. ನಿನ್ನೆ ಸಂಜೆ ಕಡೆಯ ಸುತ್ತು ಮುಗಿಸಿ, ಟೀ ತಾ ಅಂದು, ಟೀ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಪಾವು ಪಕ್ಕದ ಶೆಡ್ಡಿನ ಡ್ರಮ್ಮಿನ ಮೇಲೆ ಹಾಗೇ ಇತ್ತು.

"ಅದ್ರಲ್ಲೇ ಒಂದು ಎಳೆ ಕಿತ್ಕೊಂಡು ಬರ್ತೀನಿ," ಎಂದು ಚಿಕ್ಕಪ್ಪ ಎದ್ದ.

*

ಒಂದು ಪಾವಿಗೆ ಎಷ್ಟು ಎಳೆ ಎಂಬ ಲೆಕ್ಕದಲ್ಲಿ ಅಪ್ಪನಿಗೆ 5040 ಅಂದರೆ ಪ್ರಾಣ. ಸ್ಟ್ಯಾಂಡಿನಲ್ಲಿ ನೂಲಿನ 360 ಕೋನ್ ನಿಲ್ಲಿಸಿದರೆ ಹದಿನಾಲ್ಕು ಪಟ್ಟಿಗೆ ಪಾವು ಪೂರ್ತಿ, 420 ನಿಲ್ಲಿಸಿದರೆ ಹನ್ನೆರಡಕ್ಕೆ. ಒಂದು ಎಳೆಯೂ ಮಿಗದು. ಗಣಿತದ ಬಿ.ಎಸ್ಸಿ. ಓದುವಾಗ ಸತ್ಯಾ ಹೇಳಿದ್ದಳು, ಒಂದರಿಂದ ಹತ್ತರವರೆಗೆ ಯಾವುದರಿಂದಲಾದರೂ ಅದು ಭಾಗವಾಗುತ್ತದೆ, ಒಟ್ಟು ಅರವತ್ತು ಭಾಜಕಗಳು ಎಂದು. ಅಪ್ಪ ಅದನ್ನು ತನ್ನದೇ ಆಸ್ತಿಯೆಂಬಂತೆ ಮಗ್ಗದವರಿಗೆಲ್ಲ ಹೇಳಿಕೊಂಡು ತಿರುಗಿದ.

ಒಂದು ಎಳೆ ಕಮ್ಮಿಯಾದರೆ ಏನಾಗುತ್ತೆ ಎಂದು ಇನ್ನೊಂದು ದಿನ ಕೇಳಿದ. ಎಳೆ ತಪ್ಪಿದ ಪಾವಿನ ಬಟ್ಟೆಯಲ್ಲಿ ಉದ್ದಕ್ಕೂ ಗೀರು ಬೀಳುತ್ತದೆ. ಅವನ ಹೆದರಿಕೆ ಅದೊಂದೇ. ಅವಳು ಭಾಗಿಸುತ್ತ ಹೋದಳು. 5039 ಅವಿಭಾಜ್ಯ. ಏಳರಿಂದಲೂ ಇಲ್ಲ, ಅರವತ್ತೇಳರಿಂದಲೂ ಇಲ್ಲ.

"ಯಾರ ಜೊತೇನೂ ಸೇರಲ್ವಾ? ನಿನ್ನ ಹಂಗೇ ಮಾ ಅದು," ಅಂದ ಅಪ್ಪ.

*

ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತದ್ದು ಅವಳಿಗೇ ತಿಳಿಯಲಿಲ್ಲ.

"ಕೀಳಬೇಡಿ ಚಿಕ್ಕಪ್ಪ. ಕಮ್ಮಿ ಆಗುತ್ತೆ."

"ಏನು ಕಮ್ಮಿ ಆಗುತ್ತೆ?"

"ಎಳೆ. ಅಪ್ಪ ಪೂರ್ತಿ ಮಾಡಿಟ್ಟಿದ್ದು."

ಗೋಡೆಗೆ ಒರಗಿದ್ದ ಅಮ್ಮ ರಾಮಾತಾಳ್, ಬೇರೆ ನೂಲು ಕಟ್ಟಿ ಕಳಿಸಿದರೆ ಆ ಮನುಷ್ಯ ಅರ್ಧ ದಾರಿಯಿಂದ ವಾಪಸ್ ಬರುತ್ತಾನೆ ಎಂದಳು. ಯಾರೋ ನಗು ತಡೆದುಕೊಂಡರು. ಹೊರಗೆ ವ್ಯಾನಿನವನು ಹಾರ್ನ್ ಒತ್ತಿದ.

ಸತ್ಯಾ ಕತ್ತರಿ ಇಸಿದುಕೊಂಡಳು. ಡ್ರಮ್ಮಿನ ಮೇಲಿನ ಸುತ್ತಿನಿಂದ ಮೊಳದುದ್ದ ಎಳೆ ಕತ್ತರಿಸಿ ಚಿಕ್ಕಪ್ಪನಿಗೆ ಕೊಟ್ಟಳು. ಉಳಿದೆರಡು ತುದಿ ಜಾರದಂತೆ ಹೆಬ್ಬೆರಳಲ್ಲಿ ಒತ್ತಿಕೊಂಡು, ಅವಕ್ಕೆ ಗಂಟು ಹಾಕಿ ಸೇರಿಸಲು ಕೋನಿನಿಂದ ಹೊಸ ನೂಲು ಎಳೆದಳು. ಅಪ್ಪ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಾಕುತ್ತಿದ್ದ ಗಂಟು ಅದು. ಅವಳಿಗೆ ಒಮ್ಮೆಯೂ ಬಂದಿರಲಿಲ್ಲ.

"ಕಡೇ ಸಲ ಮುಖ ನೋಡ್ಬಾ ಸತ್ಯಾ. ಎಲ್ಲಾರೂ ಕಾಯ್ತಿದಾರೆ," ಅಂದ ಚಿಕ್ಕಪ್ಪ.

"ಕಾಯಲಿ."

ಮೊದಲ ಗಂಟು ಜಾರಿತು. ಬೆರಳು ನಾಲಿಗೆಗೆ ಒತ್ತಿ ಒದ್ದೆ ಮಾಡಿ ಮತ್ತೆ ಹಾಕಿದಳು. ಅಂಗಳದಲ್ಲಿ ಹೆಂಗಸರ ಅಳು ಒಮ್ಮೆಲೇ ಏರಿತು, ವ್ಯಾನಿನ ಬಾಗಿಲು ತೆರೆದ ಸದ್ದಾಯಿತು. ಇನ್ನೊಂದು ತುದಿಯನ್ನೂ ಕಟ್ಟಿ, ಮಿಕ್ಕ ನೂಲು ಕತ್ತರಿಸಿ, ಕೈ ಬಿಟ್ಟಳು.

ಎಳೆ ಉಳಿದವುಗಳ ನಡುವೆ ಹೋಗಿ ಕೂತಿತು. ಬೆರಳಿನಿಂದ ಸವರಿ ಹುಡುಕಿದಳು. ಯಾವುದೆಂದು ಅವಳಿಗೇ ಸಿಗಲಿಲ್ಲ.