ಮುಕಾಯ್ ಎಂಥ ಮನುಷ್ಯ

ಎರ್ಮೆಕ್ ಕೈಲಿದ್ದ ಕೋಲನ್ನು ಹೆಣವಿಡಲು ಅಂಗಳದಲ್ಲಿ ಹಾಕಿದ ಗುಡಾರದ ಬುಡಕ್ಕೆ ಎಸೆದು ಹೊರಟುಬಿಟ್ಟ. ಅಪ್ಪ ಸತ್ತಾಗ ಮಗ ಆ ಕೋಲಿಗೆ ಬಾಗಿ ನಿಂತು, ಬಂದವರೆದುರು ದನಿಯೆತ್ತಿ ಅಳಬೇಕು. ಬೆಳಗಿನಿಂದ ಬಂದವರು ಒಂಬತ್ತು ಜನ. ಅವರಲ್ಲಿ ಐವರು ನೆಂಟರು. ಖಾಲಿ ಅಂಗಳದ ಮುಂದೆ ಎಷ್ಟು ಹೊತ್ತು ಅಳುವುದು?

ಹೆಣದ ಪಕ್ಕ ಕುಳಿತಿದ್ದ ತಾಯಿ ಬುರ್ಮಾ ಗುಡಾರದ ಪರದೆ ಸರಿಸಿ ಕೂಗಿದಳು.

"ಎಲ್ಲಿಗೋ? ಅಪ್ಪನ್ನ ಮಲಗಿಸಿಟ್ಟು ಮಗ ಊರು ತಿರುಗೋದುಂಟಾ?"

"ಕರೆಯೋಕೆ. ಎರಡು ಗಂಟೆಗೆ ನಮಾಜು. ಇಮಾಮರು ಕೇಳಿದಾಗ ಯಾರಾದ್ರೂ ಬಾಯಿ ಬಿಡಬೇಕಲ್ಲ."

"ಯಾರೂ ಬಿಡಲ್ಲ."

"ನೀನು ಸುಮ್ಮನಿರಮ್ಮ."

ನಮಾಜಿಗೆ ಮುಂಚೆ ಇಮಾಮರು ನೆರೆದವರನ್ನು ಮೂರು ಸಲ ಕೇಳುತ್ತಾರೆ: ಇವನು ಎಂಥ ಮನುಷ್ಯ? ಊರು ಮೂರು ಸಲವೂ 'ಒಳ್ಳೆಯವನು' ಎನ್ನಬೇಕು. ಕುದುರೆಗಳ್ಳನಿಗೂ ಹಾಗೆ ಅಂದಿದ್ದಾರೆ. ಹೆಂಡತಿಯ ಕಾಲು ಮುರಿದವನಿಗೂ ಅಂದಿದ್ದಾರೆ. ಮನೆಯವರು ಅಂದರೆ ಅದು ಲೆಕ್ಕಕ್ಕಿಲ್ಲ. ಅಪ್ಪ ಮುಕಾಯ್‌ಗೆ ಆ ಮಾತು ಅನ್ನುವವರು ಯಾರು? ಎರ್ಮೆಕ್ ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲ.

ಅವನು ಹಿಡಿದದ್ದು ಅಪ್ಪನ ದಾರಿಯನ್ನೇ. ಬುಗ್ಗೆ ನೀರಿನ ಚಿಕಿತ್ಸೆ ಕೊಡುತ್ತಿದ್ದ ಸ್ಯಾನಟೋರಿಯಂನ ರೋಗಿಗಳು ನಡೆಯಲೆಂದು ಅಳತೆ ಮಾಡಿ ಹಾಕಿದ ಸುತ್ತುದಾರಿ ಅದು. ಪೈನ್ ಮರಗಳ ಅಂಚಿನಲ್ಲಿ ಏರಿ, ಇಡೀ ಕಣಿವೆಯನ್ನು ಒಮ್ಮೆ ಕಣ್ಣಿಗೆ ತೋರಿಸಿ, ಹೊಳೆಯ ಕಡೆ ಇಳಿಯುತ್ತದೆ. ಮೇಲೆ ಹಿಮದ ಶಿಖರಗಳು ಹೊಳೆಯುತ್ತಿದ್ದವು. ಕೆಳಗೆ ನೀರು ಕುಡಿಯುವ ಬಿಳಿ ಮಂಟಪದ ನಲ್ಲಿಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಹಿಂದೆ ಸ್ಯಾನಟೋರಿಯಂನಲ್ಲಿ ಅಡುಗೆ ಮಾಡುತ್ತಿದ್ದ ಸೊನುನ್ ಮಂಟಪದ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಹರವುತ್ತಿದ್ದಳು.

"ಅಕ್ಕಾ, ಎರಡು ಗಂಟೆಗೆ. ಭಾವನ್ನ ಕಳಿಸಿ."

"ಕಳಿಸ್ತೀನಿ. ಮಣ್ಣು ಹಾಕೋಕೆ ಬರ್ತಾನೆ. ಬಾಯಿ ಬಿಡು ಅಂತ ಮಾತ್ರ ಅವನಿಗೆ ಹೇಳಬೇಡ."

"ಒಂದೇ ಒಂದು ಮಾತು, ಅಕ್ಕಾ."

"ಮುನ್ನೂರು ಜನಕ್ಕೆ ಗಂಜಿ ಕಾಯಿಸ್ತಿದ್ದೆ ಕಣೋ ನಾನು. ಈಗ ನನ್ನ ಮಗಳು ಮಾಸ್ಕೋದಲ್ಲಿ ಕಂಡವರ ಕಕ್ಕಸು ತೊಳೀತಾಳೆ. ನಿಮ್ಮಪ್ಪನ ನಾಲಿಗೆ ಮಾಡಿದ ಕೆಲಸ."

"ಸುಳ್ಳು ಹೇಳಿದ್ರಾ ಅವ್ರು?"

"ನಿಜ ಹೇಳು ಅಂತ ಅರ್ಜಿ ಹಾಕಿದ್ದು ಯಾರು?" ಅವಳು ಒದ್ದೆ ಹಾಸುಬಟ್ಟೆಯನ್ನು ಅವನ ಮುಖದ ಮುಂದೆಯೇ ಫಟ್ಟನೆ ಕೊಡವಿದಳು.

* * *

ಮೂವತ್ತೊಂದು ವರ್ಷ ಮುಕಾಯ್ ಬೆಳಗ್ಗೆ ಏಳಕ್ಕೆ ರೋಗಿಗಳನ್ನು ಆ ದಾರಿಯಲ್ಲಿ ನಡೆಸಿದ. "ನಿಧಾನ! ಸಾಯೋಕೆ ಅವಸರ ಇರೋರು ಬಸ್ ಹತ್ತಿ" ಎನ್ನುತ್ತಿದ್ದ. ನಗದವರೂ ಏರಿನಲ್ಲಿ ನಗುತ್ತಿದ್ದರು. ಕೊನೆಗೆ ಬುಗ್ಗೆಯ ನೀರು ನಲ್ಲಿಯಿಂದ ಬೀಳುವ ಕಲ್ಲುಬಾನಿಯ ಬಳಿ ನಿಂತು, ತಾನೇ ಬಟ್ಟಲು ತುಂಬಿ ಒಬ್ಬೊಬ್ಬರಿಗೂ ಕೊಡುತ್ತಿದ್ದ.

ಭೂಕಂಪವಾದ ವರ್ಷ ನೆಲದಡಿಯ ಬುಗ್ಗೆ ಬತ್ತಿತು. ನಲ್ಲಿಯಲ್ಲಿ ನೀರು ಮಾತ್ರ ನಿಲ್ಲಲಿಲ್ಲ. ಆರು ವರ್ಷ ಹಾಗೇ ನಡೆಯಿತು.

ಆಮೇಲೊಂದು ಬೆಳಿಗ್ಗೆ ನರಿನ್ ಕಡೆಯ ಹೆಂಗಸೊಬ್ಬಳು ಎಂಟು ವರ್ಷದ ಮಗಳನ್ನು ಬೆನ್ನ ಮೇಲೆ ಹೊತ್ತು ಇಡೀ ಸುತ್ತು ನಡೆದಳು. ಹುಡುಗಿಯ ಕಾಲುಗಳು ಹುರಿಯಂತೆ ಜೋತುಬಿದ್ದಿದ್ದವು.

"ಡಾಕ್ಟರ ಔಷಧಿ ಬಿಟ್ಟೆ ಅಣ್ಣ. ಈ ನೀರೇ ಸಾಕು ಅಂದ್ರು ಇಲ್ಲಿನೋರು."

ಮುಕಾಯ್ ತುಂಬಿದ ಬಟ್ಟಲನ್ನು ಹುಡುಗಿಯ ಬಾಯಿಯ ಹತ್ತಿರ ತಂದ. ಆಮೇಲೆ ನೆಲಕ್ಕೆ ಚೆಲ್ಲಿದ.

"ಕುಡಿಸಬೇಡ ತಂಗಿ. ಇದು ಹೊಳೆ ನೀರು. ಬಾಯ್ಲರಲ್ಲಿ ಕಾಯಿಸಿ ಉಪ್ಪು ಹಾಕ್ತಾರೆ. ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗು."

ಇಪ್ಪತ್ತು ಜನ ಕೇಳಿಸಿಕೊಂಡರು. ಚಳಿಗಾಲ ಬರುವಷ್ಟರಲ್ಲಿ ಸ್ಯಾನಟೋರಿಯಂಗೆ ಬೀಗ ಬಿತ್ತು. ರಾಜಧಾನಿ ಬಿಷ್ಕೆಕ್‌ನಿಂದ ಬಂದ ಅಧಿಕಾರಿಗಳು "ನಿನಗೆ ಯಾರು ಹೇಳಿದ್ದು?" ಎಂದು ಕೇಳಿದ್ದಕ್ಕೆ, "ನನ್ನ ನಾಲಿಗೆಗೇ ಗೊತ್ತಾಯ್ತು" ಎಂದ. ಅಲ್ಲಿಂದ ಹನ್ನೊಂದು ವರ್ಷ ಊರಿನ ಯಾವ ಔತಣದಲ್ಲೂ ಅವನ ಮುಂದೆ ಮಾಂಸದ ಪಾಲು ಇಡಲಿಲ್ಲ.

* * *

ಸುತ್ತಿನ ಕೊನೆಯ ಮನೆ ಕುಬಾತನದು, ಬಾಯ್ಲರ್ ಮನೆಯ ಬೆನ್ನಿಗೆ. ಎಪ್ಪತ್ತು ದಾಟಿದ ಮುದುಕ. ಸಾಯುವವರೆಗೆ ಅಲ್ಲಿ ಬೆಂಕಿ ಹಾಕುವ ಕೆಲಸ ತನಗೇ ಎಂದುಕೊಂಡಿದ್ದವನು. ಹೊಸ್ತಿಲ ಮೇಲೆ ಕುಳಿತು ಕೆಮ್ಮುತ್ತಿದ್ದ.

"ಬರ್ತೀರಾ ಮಾವ?"

"ಬರ್ತೀನಿ."

"ಹೇಳ್ತೀರಾ?"

ಕುಬಾತ್ ಕಫ ಉಗಿದು ಅದನ್ನೇ ನೋಡುತ್ತ ಕುಳಿತ. "ಊರಿಗೆ ಎದುರಾಗಿ ನಾನೊಬ್ಬ ಹೇಗೋ ಹೇಳಲಿ? ನಾನೂ ಇಲ್ಲೇ ಸಾಯಬೇಕಲ್ಲ."

"ನೀವೂ ಅಪ್ಪನೂ ಒಂದೇ ಬಟ್ಟಲಲ್ಲಿ ಕುಡಿದೋರು."

"ಹೋಗೋ, ಹೋಗು. ತಲೆ ತಿನ್ನಬೇಡ."

* * *

ಎರಡು ಗಂಟೆಗೆ ನಲವತ್ತು ಗಂಡಸರು ಬಂದರು. ಬರದಿದ್ದರೆ ನಾಳೆ ತಮ್ಮ ಮನೆಗೆ ಯಾರೂ ಬರುವುದಿಲ್ಲ ಎಂಬ ಹೆದರಿಕೆ, ಮತ್ತೇನಲ್ಲ. ಕಂಬಳಿ ಸುತ್ತಿದ ಮುಕಾಯ್‌ನನ್ನು ತಂದು ಅಂಗಳದ ಮುಂದೆ ಇಟ್ಟರು. ಗಂಡಸರು ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತರು. ಎರ್ಮೆಕ್ ಮೊದಲ ಸಾಲಿನಲ್ಲಿದ್ದ.

"ಮುಕಾಯ್ ಎಂಥ ಮನುಷ್ಯ?" ಇಮಾಮರು ಕೇಳಿದರು.

ಯಾರೋ ಕೆಮ್ಮಿದರು, ಅಷ್ಟೇ.

"ಮುಕಾಯ್ ಎಂಥ ಮನುಷ್ಯ?"

ಸೊನುನಳ ಗಂಡ ತನ್ನ ಬೂಟಿನ ತುದಿ ನೋಡುತ್ತಿದ್ದ. ಗುಡಾರದೊಳಗೆ ಬುರ್ಮಾಳ ಅಳುವೂ ನಿಂತಿತು. ಇಮಾಮರು ಎರ್ಮೆಕ್ ಕಡೆ ಬಾಗಿದರು. "ಸಾಕು ಮಾಡೋಣವೇನಪ್ಪ?"

"ಕೇಳಿ. ಮೂರು ಸಲ ಕೇಳಿ."

"ಮುಕಾಯ್ ಎಂಥ ಮನುಷ್ಯ?"

"ಅವನಿಗೆ ಹೇಳಿದ್ದು ನಾನು."

ಹಿಂದಿನ ಸಾಲಿನಿಂದ ಕುಬಾತ್. ಎಲ್ಲರೂ ತಿರುಗಿದರು.

"ಬುಗ್ಗೆ ಬತ್ತಿದ್ದು ಅವನಿಗೇನು ಗೊತ್ತಿತ್ತು? ಒಂದು ದಿನ ಕುಡಿದು ನಾನೇ ಬಾಯಿಬಿಟ್ಟೆ. ಆರು ವರ್ಷ ಉಪ್ಪು ಸುರಿದದ್ದು ಈ ಕೈ. ಅಧಿಕಾರಿಗಳಿಗೆ ಅವನು ನನ್ನ ಹೆಸರು ಹೇಳಲಿಲ್ಲ. ನಿಮಗೂ ಹೇಳಲಿಲ್ಲ. ನಾನು ನಿಮ್ಮ ಜೊತೆ ಕೂತು ಅವನನ್ನು ಬೈದು, ಅವನ ಪಾಲಿನ ಮಾಂಸಾನೂ ತಿಂದೆ." ಉಸಿರು ಸಾಲದೆ ನಿಲ್ಲಿಸಿದ. "ಒಳ್ಳೆಯವನು. ಒಳ್ಳೆಯವನು. ಒಳ್ಳೆಯವನು."

"ಥೂ, ಮುದಿ ನಾಯಿ" ಎಂದಿತು ಒಂದು ದನಿ.

ಕುಬಾತನ ಬಲಕ್ಕಿದ್ದವನು ಒಂದು ಹೆಜ್ಜೆ ಸರಿದ. ಎಡಕ್ಕಿದ್ದವನೂ ಸರಿದ. ಅವರ ಪಕ್ಕದವರು ಅವರಿಗೆ ಜಾಗ ಬಿಟ್ಟುಕೊಟ್ಟರು. ಮುದುಕ ನಡುವೆ ಒಬ್ಬನೇ ಉಳಿದ.

"ಸಾಲು ಕೂಡಿಸಿ," ಎಂದರು ಇಮಾಮರು. "ಭುಜಕ್ಕೆ ಭುಜ."

ಯಾರೂ ಅಲುಗಲಿಲ್ಲ.

ಎರ್ಮೆಕ್ ಮೊದಲ ಸಾಲು ಬಿಟ್ಟು ಹಿಂದಕ್ಕೆ ನಡೆದ. ಕುಬಾತನ ಬಲಕ್ಕೆ ನಿಂತು ಭುಜ ತಾಗಿಸಿದ. ಎಡಗಡೆಯ ಜಾಗ ಖಾಲಿಯೇ ಇತ್ತು. ಇಮಾಮರು ಅದನ್ನೇ ನೋಡುತ್ತ ಬಹಳ ಹೊತ್ತು ಕಾದು, ಕೊನೆಗೆ ನಮಾಜು ಶುರುಮಾಡಲು ಕೈಗಳನ್ನು ಕಿವಿಯವರೆಗೆ ಎತ್ತಿದರು.