ಗೋಪುರದ ಒಣ ಮಗ್ಗುಲು

ಹೆಲ್ಮೆಟ್ಟಿನ ಮೇಲೆ ಒಂದು ಹನಿ, ಕತ್ತಿನ ಹಿಂದೆ ಇನ್ನೊಂದು, ತಣ್ಣಗೆ ಬೆನ್ನಿಗಿಳಿಯಿತು, ಅಷ್ಟೆತ್ತರದಿಂದ ಬೀಳುವ ಹನಿ ದಾರಿಯಲ್ಲಿ ಏನೇನು ನೋಡಿಕೊಂಡು ಬಂತೋ ಅಂದುಕೊಂಡಳು, ಟಾರ್ಚ್ ಎತ್ತಿದಳು, ಬೆಳಕು ಮರದ ಜಾಲರಿಯೊಂದಕ್ಕೆ ತಾಗಿ, ಅದರ ಸಂದಿಯಲ್ಲಿ ನುಸುಳಿ ಇನ್ನೊಂದಕ್ಕೆ ತಾಗಿ, ಮತ್ತೊಂದಕ್ಕೆ, ಕೊನೆಗೆ ಯಾವುದಕ್ಕೂ ತಾಗದೆ ಕತ್ತಲಲ್ಲಿ ಕರಗಿತು — ಅಬ್ಬಾ, ಇಷ್ಟೊಂದು ಇತ್ತೇ ಇದರ ಹೊಟ್ಟೆ, ಅನಿಲ ತೊಳೆಯುವ ವಿಭಾಗದ ಕೆಮಿಸ್ಟ್ ಅಂತ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ಇಷ್ಟು ವರ್ಷ ಈ ಗೋಪುರದ ಸುತ್ತ ತಿರುಗಿದ್ದಾಳೆ, ಇದರ ಬುಡದ ನಲ್ಲಿಯಿಂದ ನೀರು ಹಿಡಿದು ಗಾಜಿನ ಕೊಳವೆಯಲ್ಲಿ ಅಲ್ಲಾಡಿಸಿದ್ದಾಳೆ, ಒಳಗೆ ಕಾಲಿಟ್ಟದ್ದು ಇವತ್ತೇ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮಧ್ಯದ ಬಾಗಿಲಿನ ಕಿಂಡಿಯಲ್ಲಿ ಮೊದಲು ತಲೆ, ಆಮೇಲೆ ಭುಜ, ಆಮೇಲೆ ಈ ಹಾಳು ಸೊಂಟ, ಹೊರಗೆ ಹಗ್ಗದ ತುದಿ ಹಿಡಿದ ಮೈದುನ, ಅವನಿಲ್ಲಿ ಫಿಟ್ಟರು, ನಗು ತಡೆದುಕೊಂಡು, ಅತ್ತಿಗೆ, ಸಿಕ್ಕಿಹಾಕ್ಕೊಂಡ್ರೆ ಅಣ್ಣಂಗೆ ನಾನೇನು ಹೇಳ್ಲಿ ಅಂದಿದ್ದ. ಗಾಳಿ ಚೆನ್ನಾಗಿದೆ, ಒಳಗೆ ಬಿಡುವ ಮೊದಲು ಅಳೆದು ನೋಡಿದ್ದಾರೆ, ಮೇಲೊಂದು ಬಾಗಿಲು, ಕೆಳಗೊಂದು ಬಾಗಿಲು ತೆರೆದಿಟ್ಟಿದ್ದಾರೆ, ಕಾಲ ಬಳಿ ತಂಪಾಗಿ ಸುಳಿಯುತ್ತಿದೆ ಗಾಳಿ, ಬೇರೆ ದಿನಗಳಲ್ಲಿ ಇಲ್ಲಿ ಗಾಳಿ ಅನ್ನುವುದೇ ಇಲ್ಲ, ಕಾರ್ಖಾನೆಯ ಒಲೆಗಳಿಂದ ಬರುವ ಅನಿಲ ಮಾತ್ರ, ಗಾಳಿಯಾಡದ ಒಲೆಯಲ್ಲಿ ಕಲ್ಲಿದ್ದಲು ಬೆಂದು ಬಿಟ್ಟ ಉಸಿರು, ಕೊಳೆತ ಮೊಟ್ಟೆಯ ನಾತದ್ದು, ಬುಡದಿಂದ ಏರುತ್ತದೆ, ತುದಿಯಿಂದ ಬಟ್ಟೆ ಸೋಡಾ ಕರಗಿಸಿದ ನೀರು ಮಳೆಯಂತೆ ಇಳಿಯುತ್ತದೆ, ಈ ಮರದ ಪಟ್ಟಿಗಳ ಮೇಲೆ ಎರಡೂ ಮುಖಾಮುಖಿ, ಗಂಧಕದ ಪಾಲನ್ನೆಲ್ಲ ನೀರಿಗೆ ಕೊಟ್ಟು ಅನಿಲ ಮೇಲೆ ಹೋಗುತ್ತದೆ, ಹಗುರಾಗಿ, ನಾತ ಕಳೆದುಕೊಂಡು, ಕುಲುಮೆಗಳಿಗೆ, ಕಾಲೊನಿಯ ಅಡುಗೆಮನೆಗಳಿಗೆ, ಅಮ್ಮನ ಒಲೆಗೂ — ಯಾರೂ ನೋಡಲಾಗದ ಜಾಗದಲ್ಲಿ ಹಗಲೂ ರಾತ್ರಿ ಇಂಥದ್ದೊಂದು ನಡೆಯುತ್ತಿತ್ತಲ್ಲ, ನಾವು ಹೊರಗೆ ನಿಂತು ಟೀ ಕುಡಿಯುತ್ತಿದ್ದೆವಲ್ಲ.

ಅಮ್ಮನ ಒಲೆ, ಹೌದು, ಎಲ್ಲ ಶುರುವಾದದ್ದು ಅಲ್ಲೇ, ಹೋದ ತಿಂಗಳು ಅಮ್ಮ ಕಪಾಟಿನಿಂದ ಬೆಳ್ಳಿ ಚಮಚ ತೆಗೆದು ಕಣ್ಣ ಮುಂದೆ ಹಿಡಿದಳು, ನೋಡು, ಮತ್ತೆ ಕಪ್ಪಾಗಿದೆ, ನೀನು ಚಿಕ್ಕವಳಿದ್ದಾಗ ಹೀಗೇ ಆಗ್ತಿತ್ತು. ಅವಳು ಚಿಕ್ಕವಳಿದ್ದಾಗ ಗೋಪುರ ಇರಲಿಲ್ಲ, ಬೀದಿಗೆ ಬೀದಿಯೇ ಕೆಮ್ಮುತ್ತಿತ್ತು, ಬಿಳಿ ಅಂಗಿಯನ್ನು ಮನೆಯೊಳಗೇ ಒಣಗಿಸಬೇಕಿತ್ತು, ಅಪ್ಪ ಕಾರ್ಖಾನೆಯಲ್ಲಿ ಒಲೆಯ ಕೆಲಸ ಮುಗಿಸಿ ಬಂದು ತಟ್ಟೆಯ ಮುಂದೆ ಕೂತು ಏನು ಮಾಡಿದ್ದೀಯ ಇವತ್ತು ಅಂತ ಅಮ್ಮನನ್ನು ಕೇಳುತ್ತಿದ್ದ, ಒಗ್ಗರಣೆ ಮನೆಯೆಲ್ಲ ಘಮಘಮಿಸುತ್ತಿದ್ದರೂ, ಮೂಗು ಯಾವತ್ತೋ ಸತ್ತುಹೋಗಿತ್ತು ಅವನಿಗೆ, ಗೋಪುರ ಎದ್ದ ವರ್ಷ ಅಮ್ಮ ಕಿಟಕಿ ತೆಗೆದಿಟ್ಟೇ ಮಲಗಿದಳು, ಯಾರೋ ಏನನ್ನೋ ಊರಿನ ಮೈಯಿಂದ ತೊಳೆದುಬಿಟ್ಟಿದ್ದರು, ಹಾಗೆ ತೊಳೆಯಬಹುದು ಅನ್ನುವುದೇ ಹುಡುಗಿಯ ತಲೆಯಲ್ಲಿ ಕೂತುಬಿಟ್ಟಿತು, ಓದಿದ್ದು ಅದನ್ನೇ. ಈಗ ಮತ್ತೆ ಚಮಚ ಕಪ್ಪು, ಪ್ರಯೋಗಾಲಯದಲ್ಲೂ ಅದೇ ಉತ್ತರ, ತೊಳೆದ ಅನಿಲದಲ್ಲಿ ಗಂಧಕ ಉಳಿಯುತ್ತಿದೆ, ಸೋಡಾ ಸರಿಯಿದೆ, ಪಂಪು ಸರಿಯಿದೆ, ಹಾಗಾದರೆ ಅನಿಲ ಎಲ್ಲೋ ನೀರಿನ ಕಣ್ಣು ತಪ್ಪಿಸಿ ಮೇಲೆ ಹೋಗುತ್ತಿದೆ, ಒಳಗಿಳಿದು ನೋಡಬೇಕು ಸರ್ ಅಂದರೆ ವಿಭಾಗದ ಮುಖ್ಯಸ್ಥರು, ಬೆನ್ನ ಹಿಂದೆ ಎಲ್ಲರೂ ಕರೆಯುವುದು ಆಮೇಲೆ ನೋಡೋಣ ಅಂತಲೇ, ಆ ಎರಡು ಪದವೇ ಅವರ ಉಸಿರು, ಆಮೇಲೆ ನೋಡೋಣ ಅಂದರು, ಮತ್ತೆ ಕೇಳಿದಳು, ಆಮೇಲೆ ನೋಡೋಣ, ಅವರ ಮೇಜಿನ ಮೇಲೆ ಅಮ್ಮನ ಚಮಚ ಇಟ್ಟಳು, ಅವರದನ್ನು ತಿರುಗಿಸಿ ತಿರುಗಿಸಿ ನೋಡಿದರು, ನಮ್ಮ ಮನೇಲೂ ಹೀಗೇ ಆಗಿದೆ ಕಣಮ್ಮ ಅಂದರು, ಗೋಪುರ ನಿಲ್ಲಿಸಲು ಒಪ್ಪಿದರು.

ಬೆಂಕಿಕಡ್ಡಿ ಗೀರಿದ ವಾಸನೆ. ಯಾರಪ್ಪಾ ಇಲ್ಲಿ ಕಡ್ಡಿ ಗೀರುವವರು, ತಲೆ ಕೆಟ್ಟಿದೆಯೇ ಅಂತ ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು, ಹೊರಗಿನದಲ್ಲ, ಇಲ್ಲಿಯದೇ, ಗಂಟಲಿಗೆ ಚುಚ್ಚುತ್ತಿದೆ, ಟಾರ್ಚ್ ಸುತ್ತ ತಿರುಗಿಸಿದಳು, ಒದ್ದೆ ಮರ, ಒದ್ದೆ ಮರ, ಒದ್ದೆ ಮರ, ಆಮೇಲೆ ಗೋಡೆಗಂಟಿ ಒಂದು ಮಗ್ಗುಲು, ಬೂದು ಬಣ್ಣಕ್ಕೆ, ಒಣಗಿಕೊಂಡು, ಎಲ್ಲ ಕಡೆ ತೊಟ್ಟಿಕ್ಕುತ್ತಿರುವಾಗ ಇದೊಂದು ಮಾತ್ರ ಹೇಗೆ ಒಣಗಿತು, ಮೇಲೆ ಅಲ್ಲಿ ನೀರು ಚಿಮ್ಮುವ ಕೊಳವೆಯ ಮೂತಿ ಕಟ್ಟಿಕೊಂಡಿರಬೇಕು, ತಿಂಗಳುಗಟ್ಟಲೆ ಇಲ್ಲಿ ಮಳೆಯೇ ಬಿದ್ದಿಲ್ಲ, ಅನಿಲ ಮೇಲೆ ಓಡಿಹೋದದ್ದು ಈ ಓಣಿಯಲ್ಲೇ, ಸಿಕ್ಕೆಯಾ — ನಿನ್ನೆ ಒಳಗನ್ನೆಲ್ಲ ನೀರು ಬಿಟ್ಟು ತೊಳೆದದ್ದೂ ಅದೇ ಮೂತಿಗಳಿಂದ ತಾನೇ, ಇಲ್ಲಿಗೆ ಆ ನೀರೂ ಬಂದಿಲ್ಲ. ಜಾಲರಿ ಹೊತ್ತ ಕಬ್ಬಿಣದ ಪಟ್ಟಿಯ ಮೇಲೆ ಕಪ್ಪು ಪುಡಿ, ಗಂಧಕ ತಿಂದು ತಿಂದು ಕಬ್ಬಿಣವೇ ಹಾಗಾಗಿದೆ, ಟಾರ್ಚ್ ಕೆಳಗಿಳಿಸಿದಳು, ಕತ್ತಲಾಯಿತು, ಕತ್ತಲಲ್ಲಿ ಅದು ಕಂಡಿತು. ಕೆಂಪಗೆ. ಉದ್ದಿನ ಕಾಳಿನಷ್ಟು. ಯಾರೂ ಹಚ್ಚಿದ್ದಲ್ಲ, ಕಿಡಿ ಹಾರಿದ್ದಲ್ಲ, ತನ್ನಷ್ಟಕ್ಕೇ, ಪುಸ್ತಕದಲ್ಲಿ ಓದಿದ್ದಾಳೆ, ಗಂಧಕ ಕುಡಿದ ಕಬ್ಬಿಣ ಒಣಗಿದ್ದಾಗ ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುತ್ತದೆ ಅಂತ, ಪರೀಕ್ಷೆಯಲ್ಲಿ ಬರೆದೂ ಇದ್ದಾಳೆ, ಬರೆಯುವುದು ಬೇರೆ, ಗಾಳಿ ಸುಳಿಯಿತು, ಕೆಂಪು ಬೆಳಗಿತು, ಗಾಳಿ ತಗ್ಗಿತು, ಕೆಂಪು ತಗ್ಗಿತು, ಅವಳು ಉಸಿರಾಡಲಿ ಅಂತ ಮೇಲೂ ಕೆಳಗೂ ಬಾಗಿಲು ತೆರೆದರಲ್ಲ, ಅವಳಿಗೆಂದು ಬಿಟ್ಟ ಗಾಳಿ, ಅದನ್ನೇ ಅದೂ — ಮೈಯೆಲ್ಲ ಜುಮ್ಮೆಂದಿತು, ಹೆದರಿಕೆಯಲ್ಲ, ಹೆದರಿಕೆ ಇನ್ನೂ ಬಂದಿರಲಿಲ್ಲ, ಮೊದಲ ಸಲ ಮಗುವಿನ ನೆತ್ತಿ ಮಿಡಿಯುವುದನ್ನು ಕಂಡಾಗ ಹೀಗೇ ಆಗಿತ್ತು, ಕೈ ಮುಗಿಯಬೇಕೋ ಕೈ ಹಿಂದೆಗೆಯಬೇಕೋ ತಿಳಿಯದೆ. ಅತ್ತಿಗೆ, ಯಾಕೆ ಮಾತಿಲ್ಲ, ಮೈದುನನ ದನಿ, ಹಗ್ಗ ಜಗ್ಗಿತು. ಮರ, ಇದೆಲ್ಲ ಮರ, ತುದಿಯವರೆಗೂ ಸೌದೆ ಪೇರಿಸಿದ ಹಾಗೆ, ಪಕ್ಕದಲ್ಲೇ ಅನಿಲದ ದೊಡ್ಡ ಕೊಳವೆ, ಈಗ ಬಂತು ಹೆದರಿಕೆ, ಸೊಂಟದ ನೀರಿನ ಬಾಟಲಿ ಕಿತ್ತು ಸುರಿದಳು, ಚುರ್ ಅಂದಿತು, ಆರಿತು, ಅದರಾಚೆ ಇನ್ನೊಂದು ಕೆಂಪು ಕಣ್ಣು ತೆರೆಯಿತು, ಅದರ ಮೇಲೊಂದು, ಸಂಜೆ ಗುಡ್ಡದ ಮೇಲಿಂದ ನೋಡಿದರೆ ಊರಿನ ದೀಪ ಹತ್ತುವ ಹಾಗೆ, ಇಲ್ಲೊಂದು, ಅಲ್ಲೊಂದು, ಬಾಟಲಿ ಖಾಲಿ, ಇಲ್ಲಿ ಬೆಂಕಿ ಇದೆ, ಮೇಲಿನ ಬಾಗಿಲಿಂದ ನೀರು ಬಿಡ್ಸು, ಗೋಡೆ ಮಗ್ಗುಲಿಗೆ ಅಂತ ಕೂಗಿದಳು, ಮೊದಲು ನೀವು ಬನ್ನಿ ಅತ್ತಿಗೆ, ಮೊದಲು ನೀರು ಹೇಳೋ, ನೀವು ಬರೋ ತನಕ ನಾನು ಈ ಹಗ್ಗ ಬಿಡಲ್ಲ ಅಂದ, ಆ ದನಿಯಲ್ಲಿ ಈಗ ನಗುವಿರಲಿಲ್ಲ, ಹಗ್ಗ ಬಿಗಿಯಾಯಿತು, ಹೊಗೆ ಕಣ್ಣಿಗೆ, ಗಂಟಲಿಗೆ, ಕಿಂಡಿಯಲ್ಲಿ ತಲೆ, ಭುಜ, ಸೊಂಟ ಸಿಕ್ಕಿತು, ಎಳೆದ, ಬಟ್ಟೆ ಹರಿಯಿತು, ಬೆಳಕು.

ಬೆಳಕು, ಬಿಸಿಲು, ಓಡುವ ಬೂಟುಗಳು, ಮೇಲಿನ ಬಾಗಿಲಿಗೆ ನೀರಿನ ಪೈಪು ಏರಿತು, ಗೋಪುರದೊಳಗೆ ಧೋ ಅಂತ ನೀರು ಇಳಿಯುವ ಸದ್ದು ಕಬ್ಬಿಣದ ಗೋಡೆಗೆ ಕೈಯಿಟ್ಟರೆ ಅಂಗೈಗೆ ತಾಗುತ್ತದೆ, ಬಾಗಿಲಿನಿಂದ ಆವಿ ಬಂತು, ಆಮೇಲೆ ಕಪ್ಪು ನೀರು, ಆಮೇಲೆ ಬರೀ ನೀರು, ಆರಿತು, ಒಂದಿಷ್ಟು ಜಾಲರಿ ಸುಟ್ಟಿದೆ, ಹೆಚ್ಚೇನಿಲ್ಲ ಅಂದರು ಯಾರೋ, ಮುಖ್ಯಸ್ಥರು ಟೊಪ್ಪಿಗೆಯಿಲ್ಲದೆ ಓಡಿ ಬಂದರು, ಒಣ ಮಗ್ಗುಲು ಸಿಕ್ತು ಸರ್, ಮೂತಿ ಕಟ್ಕೊಂಡಿದೆ ಅಂದಳು, ಕೆಮ್ಮುತ್ತ, ಅವರು ಬಾಯಿ ತೆರೆದರು, ಎಲ್ಲರೂ ಕಾದರು, ಈಗಲೇ ಬಿಚ್ಚಿಸ್ತೀನಿ, ಎಲ್ಲಾ ಮೂತೀನೂ ಅಂದರು, ಮೈದುನ ಅವಳ ಪಕ್ಕದ ಮೆಟ್ಟಿಲ ಮೇಲೆ ಕುಸಿದು ಕೂತ, ಅವನ ಅಂಗೈಯಲ್ಲಿ ಹಗ್ಗದ ಬರೆ ಎದ್ದಿತ್ತು, ಅದನ್ನು ಹಿಡಿದುಕೊಂಡಳು, ಅಣ್ಣಂಗೆ ಹೇಳ್ಬೇಡ, ನಾನೇ ಹೇಳ್ತೀನಿ ಅಂದಳು, ಏನಂತ ಹೇಳುವುದು, ಬೆಂಕಿ ಬಿತ್ತು ಅಂತಲೇ, ಬೀಳಲಿಲ್ಲ, ಕಣ್ಣು ಬಿಟ್ಟಿತು, ಊರಿನ ಉಸಿರಿನಿಂದ ನಾವು ತೊಳೆದು ತೆಗೆದದ್ದು ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಕೂತಿತ್ತು, ಒಂದು ಗುಟುಕು ಗಾಳಿಗೆ ಕಾಯುತ್ತ, ಕಾರ್ಖಾನೆ ಆಸ್ಪತ್ರೆಯ ದಾದಿ ಬಂದಳು, ಮೂಗಿನ ಮೇಲೆ ಆಮ್ಲಜನಕದ ಮುಖವಾಡ ಇಟ್ಟಳು, ಕಣ್ಣು ಮುಚ್ಚಿ, ನಿಧಾನಕ್ಕೆ ಉಸಿರು ಎಳ್ಕೊಳ್ಳಿ ಅಂದಳು, ಮುಚ್ಚಿದಳು, ಕತ್ತಲಾಯಿತು, ಎಳೆದುಕೊಂಡಳು, ರೆಪ್ಪೆಯೊಳಗೆ ಅದೇ ಕೆಂಪು ಬೆಳಗಿತು, ಬಿಟ್ಟಳು, ತಗ್ಗಿತು, ಹಾಗೇ, ಚೆನ್ನಾಗಿ ಎಳ್ಕೊಳ್ಳಿ ಅಂದಳು ದಾದಿ, ಎಳೆದುಕೊಂಡಳು, ಕೆಂಪು, ಬಿಟ್ಟಳು, ಎಳೆದುಕೊಂಡಳು, ಕೆಂಪು —